ಓವರ್‌ಟೈಮ್ (ಓಟಿ) ನಿಂತಿದೆ, ಅತ್ತೆಯವರ ಔಷಧಿ ಶುರುವಾಗಿದೆ: ಒಪ್ಪಿಕೊಂಡ ಕಂತನ್ನು ಮಧ್ಯದಲ್ಲಿ ಬದಲಿಸಬಹುದಾ?

ಶಹಾಪುರ ಹೊಲಿಗೆ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ ರೀ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಲೆಕ್ಕ ಪೂರ್ತಿ ಹೇಳದಿದ್ದರೆ ಉತ್ತರ ಕೊಡುವವರಿಗೂ ಕಷ್ಟ ಅಲ್ವಾ.

ನಾವು ಬೆಳಗಾವಿಯ ಶಹಾಪುರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಮ್ಮ ಮನೆಯವರು ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಆಪರೇಟರ್. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್, ಪಿಕೋ ಮಾಡುತ್ತೇನೆ. ಮಗಳು ಏಳನೇ ಕ್ಲಾಸ್, ಮಗ ಮೂರನೇ ಕ್ಲಾಸ್.

ಮಾವನವರ ಕಾಯಿಲೆಗೆ ಅಂತ ಪರ್ಸನಲ್ ಲೋನ್ ತೆಗೆದಿದ್ದೆವು. ಆಸ್ಪತ್ರೆಯ ಕೊನೆಯ ಬಿಲ್ಲು ಕ್ರೆಡಿಟ್ ಕಾರ್ಡ್ ಮೇಲೆ ಹೋಯಿತು. ಓಣಿಯ ಮಹಿಳಾ ಸಂಘದಿಂದಲೂ ಸ್ವಲ್ಪ ತಂದೆವು. ಎಲ್ಲಾ ಸೇರಿ ಕೈಮೀರಿ ಹೋದಾಗ ಒಬ್ಬ ಸಾಲ ಸಲಹೆಗಾರರ ಹತ್ತಿರ ಹೋದೆವು. ಅವರು ಕೂತು ಲೆಕ್ಕ ಹಾಕಿ, ಬ್ಯಾಂಕಿನ ಜೊತೆ, ಕಾರ್ಡಿನವರ ಜೊತೆ ಮಾತಾಡಿ ಕಂತು ಕಡಿಮೆ ಮಾಡಿಸಿಕೊಟ್ಟರು. ಈಗ ಕಟ್ಟುತ್ತಿರುವುದು ಹೀಗಿದೆ: ಪರ್ಸನಲ್ ಲೋನ್ 7,600, ಕಾರ್ಡ್ 3,400, ಸಂಘ 1,500. ತಿಂಗಳಿಗೆ ಒಟ್ಟು 12,500. ಒಂದು ತಿಂಗಳೂ ತಪ್ಪಿಸಿಲ್ಲ.

ಆಗ ಓಟಿ ಸೇರಿ ಮನೆಯವರ ಪಗಾರ 29,000 ಕೈಗೆ ಬರುತ್ತಿತ್ತು, ನನ್ನ ಹೊಲಿಗೆ 5,500. ಮನೆ ಖರ್ಚು 20,000: ಬಾಡಿಗೆ 5,500, ಕಿರಾಣಿ, ಹಾಲು, ಕಾಯಿಪಲ್ಯ 8,500, ಶಾಲೆ ಮತ್ತು ಆಟೋ 2,600, ಗ್ಯಾಸ್, ಪೆಟ್ರೋಲ್, ಫೋನ್ 2,400, ಸಣ್ಣಪುಟ್ಟದ್ದು 1,000. ಕಂತು ಕಟ್ಟಿ 2,000 ಉಳಿಯುತ್ತಿತ್ತು. ಬಿಗಿ ಇತ್ತು, ಆದರೆ ರಾತ್ರಿ ನಿದ್ದೆ ಬರುತ್ತಿತ್ತು.

ಈಗ ಎರಡು ಒಟ್ಟಿಗೇ ಬಂದಿವೆ. ಕಾರ್ಖಾನೆಗೆ ಆರ್ಡರ್ ಕಡಿಮೆಯಾಗಿ ಓಟಿ ಪೂರ್ತಿ ನಿಂತಿದೆ, ಕೈಗೆ 20,000 ಬರುತ್ತಿದೆ. ಊರಲ್ಲಿದ್ದ ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಆಪರೇಷನ್ ಸರ್ಕಾರಿ ಆಸ್ಪತ್ರೆಯಲ್ಲಿ ಆಯುಷ್ಮಾನ್ ಕಾರ್ಡಿನಲ್ಲಿ ಆಯಿತು, ಪುಣ್ಯ. ಈಗ ನಮ್ಮ ಜೊತೆಗೇ ಇದ್ದಾರೆ. ಅವರ ಔಷಧಿಗೆ 1,500, ಉಳಿದ ಖರ್ಚು 700. ಅವರನ್ನು ಬಿಟ್ಟು ಏಳಲು ಆಗುವುದಿಲ್ಲ, ಹಾಗಾಗಿ ನನ್ನ ಹೊಲಿಗೆ ಹೆಚ್ಚು ಮಾಡುವುದೂ ಸದ್ಯಕ್ಕೆ ಕಷ್ಟ. ಗೃಹಲಕ್ಷ್ಮಿಯ 2,000 ಲೆಕ್ಕಕ್ಕೆ ಹಿಡಿದಿಲ್ಲ, ಯಾವ ತಿಂಗಳು ಬರುತ್ತದೆ ಅಂತ ಹೇಳಲು ಬರುವುದಿಲ್ಲ.

ಅಂದರೆ ಬರುವುದು 25,500, ಖರ್ಚು 22,200. ಉಳಿಯುವುದು 3,300. ಕಟ್ಟಬೇಕಾದದ್ದು 12,500.

ಮುಂದಿನ ಕಂತು 10ನೇ ತಾರೀಖು. ಒಂದು ಸಲ ಬ್ಯಾಂಕಿನವರು ಕಡಿಮೆ ಮಾಡಿಕೊಟ್ಟಿದ್ದಾರೆ, ಮತ್ತೆ ಹೋಗಿ ಕೇಳಲು ಮುಖ ಇಲ್ಲ ಅಂತಾರೆ ಮನೆಯವರು. ಕೇಳಬಹುದಾ? ಏನಂತ ಕೇಳಬೇಕು? ಹೇಳದೆ ಒಂದು ತಿಂಗಳು ಬಿಟ್ಟರೆ ಏನಾಗುತ್ತದೆ?

ಉದ್ಯಮಬಾಗ ಫಿಟ್ಟರ್

ವೈನಿ, ನಮ್ಮ ಕಡೆಯೂ ಓಟಿ ಇಲ್ಲ. ಕೈಯಲ್ಲಿ ಬಂಗಾರ ಇದ್ದರೆ ಗೋಲ್ಡ್ ಲೋನ್ ಇಟ್ಟು ನಾಲ್ಕು ತಿಂಗಳು ಕಂತು ದಾಟಿಸಿ. ಬ್ಯಾಂಕಿನವರ ಮುಂದೆ ಕೈ ಚಾಚುವುದು ಬೇಡ. ಓಟಿ ಮತ್ತೆ ಬರುತ್ತದೆ.

ಬನಹಟ್ಟಿ ಮಗ್ಗ

ಅಣ್ಣಾ, ಓಟಿ ಬರುತ್ತದೆ ಅಂತ ಯಾರು ಬರೆದುಕೊಟ್ಟಿದ್ದಾರೆ? ಸೀರೆಗೆ ಬೇಡಿಕೆ ಬಿದ್ದಾಗ ನಮ್ಮ ಓಣಿಯಲ್ಲಿ ಪವರ್‌ಲೂಮ್ ನಿಂತವು. ಹಬ್ಬಕ್ಕೆ ಶುರುವಾಗುತ್ತದೆ ಅಂತ ಎಷ್ಟೋ ಮನೆಯವರು ಬಂಗಾರ ಇಟ್ಟು ಕಂತು ಕಟ್ಟಿದರು. ಹಬ್ಬ ಹೋಯಿತು, ಬಂಗಾರದ ಬಡ್ಡಿಯೂ ತಲೆ ಮೇಲೆ ಬಂತು. ಮೂರು ಸಾಲ ಇದ್ದವರಿಗೆ ನಾಲ್ಕಾದವು.

ಅಕ್ಕಾರೆ, ನಾನು ಆಗ ಮಗ್ಗ ನಿಂತ ವಾರವೇ ಬ್ಯಾಂಕಿಗೆ ಹೋಗಿ ಹೇಳಿದೆ. ಮ್ಯಾನೇಜರ್ ಮೊದಲು ಮುಖ ಸಿಂಡರಿಸಿದರು. ಆಮೇಲೆ ಕೂರಿಸಿ ಕೇಳಿದರು. ಕಾರಣ ಒಂದೇ, ನನ್ನ ಪಾಸ್‌ಬುಕ್ಕಿನಲ್ಲಿ ಅಲ್ಲಿಯವರೆಗೆ ಒಂದು ಕಂತೂ ಬೌನ್ಸ್ ಆಗಿರಲಿಲ್ಲ. ನಿಮ್ಮದೂ ಹಾಗೇ ಇದೆ. ಅದು ನಿಮ್ಮ ಕೈಯಲ್ಲಿರುವ ದೊಡ್ಡ ಬಲ. 10ನೇ ತಾರೀಖು ದಾಟಿದರೆ ಅದೂ ಹೋಗುತ್ತದೆ. ಯಜಮಾನರಿಗೆ ಹೇಳಿ, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಅಪ್ಪನಿಗೆ ಔಷಧಿ ಕೊಡಿಸಲು ಸಾಲ ಮಾಡಿದ ಮಗ ಅವರು.

ನವನಗರ ನಿವೃತ್ತ (ಬಾಗಲಕೋಟೆ)

ತಂಗಿ, ಬ್ಯಾಂಕಿನಲ್ಲಿ ಸಾಲದ ಟೇಬಲ್ಲಿನಲ್ಲೇ ಬಹಳ ವರ್ಷ ಕೂತವನು ನಾನು. ನೀವು ಲೆಕ್ಕ ಬರೆದಿರುವ ರೀತಿಯಲ್ಲೇ ಅರ್ಧ ಕೆಲಸ ಆಗಿದೆ. ಇದನ್ನೇ ಒಂದು ಹಾಳೆಗೆ ಇಳಿಸಿ.

ಮೊದಲು ನಿಮ್ಮ ಕೊನೆಯ ಪ್ರಶ್ನೆ. ಹೇಳದೆ ಬಿಟ್ಟರೆ ನ್ಯಾಚ್ (ಖಾತೆಯಿಂದ ಕಂತು ತಾನಾಗಿಯೇ ಕಡಿತವಾಗುವ ವ್ಯವಸ್ಥೆ) ಬೌನ್ಸ್ ಆಗುತ್ತದೆ. ಸಾಮಾನ್ಯವಾಗಿ ನಿಮ್ಮ ಖಾತೆ ಇರುವ ಬ್ಯಾಂಕೂ ಚಾರ್ಜ್ ಹಾಕುತ್ತದೆ, ಸಾಲ ಕೊಟ್ಟವರೂ ಹಾಕುತ್ತಾರೆ. ತಡವಾದದ್ದು ಸಿಬಿಲ್‌ನಲ್ಲಿ, ಅಂದರೆ ನಿಮ್ಮ ಸಾಲದ ದಾಖಲೆಯಲ್ಲಿ, ಕಾಣುತ್ತದೆ. 90 ದಿನ ದಾಟಿದರೆ ಖಾತೆ ಎನ್‌ಪಿಎ (ಕೆಟ್ಟ ಸಾಲ) ಆಗುತ್ತದೆ, ಆಗ ಶಾಖೆಯ ಮ್ಯಾನೇಜರ್ ಕೈಯಲ್ಲಿ ಹೆಚ್ಚು ಉಳಿಯುವುದಿಲ್ಲ. ಅದಕ್ಕೇ 10ರ ಒಳಗೆ ಹೋಗಬೇಕು.

ನಿಮ್ಮ ಯೋಜನೆ ಕೋರ್ಟಿನ ಆದೇಶ ಅಲ್ಲ. ಸಾಲ ಕೊಟ್ಟವರು ಒಪ್ಪಿಕೊಂಡ ಹೊಂದಾಣಿಕೆ ಅಷ್ಟೇ. ಆಗಿನ ಪಗಾರ ನೋಡಿ ಮಾಡಿದ್ದು, ಪಗಾರ ಬದಲಾದರೆ ಅದೂ ಬದಲಾಗಬೇಕು. ಮೊದಲ ಫೋನು ಯೋಜನೆ ಮಾಡಿಕೊಟ್ಟ ಸಲಹೆಗಾರರಿಗೆ ಹೋಗಲಿ. ಬ್ಯಾಂಕು, ಕಾರ್ಡಿನವರು ಇಬ್ಬರ ಒಪ್ಪಿಗೆ ಪತ್ರಗಳನ್ನೂ ತೆಗೆದು ಓದಿ. ಒಂದು ಕಂತು ತಪ್ಪಿದರೆ ರಿಯಾಯಿತಿ ರದ್ದು ಅಂತ ಷರತ್ತು ಇರಬಹುದು. ಇದ್ದರೆ ಇನ್ನೂ ಬೇಗ ಹೋಗಬೇಕು.

ಈಗ ಏನು ಕೇಳಬೇಕು ಅನ್ನುವುದು. ಸುಮ್ನೆ "ಕಡಿಮೆ ಮಾಡಿ ಸರ್" ಅಂದರೆ ಆಗುವುದಿಲ್ಲ, ನಿಮ್ಮ ಕಡೆಯಿಂದಲೇ ಒಂದು ಮೊತ್ತ ಹೋಗಬೇಕು. ಬಾಕಿ ಅಸಲು ಎಷ್ಟಿದೆ, ಬಡ್ಡಿ ಎಷ್ಟು ಅಂತ ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ. ಯಜಮಾನರ ಪಗಾರ ಚೀಟಿಯಲ್ಲಿ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಡಿತ ಇದೆಯಾ, ಅದನ್ನೂ ನೋಡಿ.

ಶಹಾಪುರ ಹೊಲಿಗೆ (ಬೆಳಗಾವಿ)

ಸರ್, ಪರ್ಸನಲ್ ಲೋನ್ ಬಾಕಿ 2,40,000, ಬಡ್ಡಿ ಶೇ 14. ಕಾರ್ಡ್ ಬಾಕಿ 48,000, ಕಂತು ಮಾಡಿಕೊಟ್ಟಾಗ ಶೇ 18 ಅಂತ ಬರೆದಿದ್ದಾರೆ. ಸಂಘದ್ದು 9,000. ಇಎಸ್‌ಐ ಕಡಿತ ಇದೆ. ಇಎಸ್‌ಐ ಕಾರ್ಡಿನಲ್ಲಿ ನಾನು, ಮಕ್ಕಳು ಇದ್ದೇವೆ. ಅತ್ತೆಯವರ ಹೆಸರು ಇಲ್ಲ, ಅವರು ಊರಲ್ಲಿದ್ದರು.

ನವನಗರ ನಿವೃತ್ತ (ಬಾಗಲಕೋಟೆ)

ಇಎಸ್‌ಐ ಇದೆ ಅಂದಿರಲ್ಲ, ನನಗೆ ಬಹಳ ಸಮಾಧಾನ ಆಯಿತು. ನೌಕರನ ದುಡಿಮೆಯ ಮೇಲೇ ಇರುವ ತಂದೆ ತಾಯಿ ಇಎಸ್‌ಐ ಕುಟುಂಬದಲ್ಲಿ ಬರುತ್ತಾರೆ. ತಾಯಿಗೆ ಸ್ವಂತ ಆದಾಯ ಹೆಚ್ಚಿರಬಾರದು ಅಷ್ಟೇ. ಕಾರ್ಖಾನೆಯ ಆಫೀಸಿನಲ್ಲಿ ಆಧಾರ್ ಮತ್ತು ಫೋಟೊ ಕೊಟ್ಟು ಅವರ ಹೆಸರು ಸೇರಿಸಲು ಹೇಳಿ. ಬೆಳಗಾವಿಯಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಅಲ್ಲಿ ತೋರಿಸಿದರೆ ಔಷಧಿಯ 1,500 ಉಳಿಯಬೇಕು. ಪ್ರತಿ ತಿಂಗಳು ಪಗಾರದಲ್ಲಿ ಶೇ 0.75 ಅದಕ್ಕೇ ಹೋಗುತ್ತಿದೆ, ಸಂಕೋಚ ಬೇಡ.

ಹಾಗಾದರೆ ನಿಮ್ಮ ಹತ್ತಿರ ಉಳಿಯುವುದು 4,800. ಪರ್ಸನಲ್ ಲೋನಿನ ಒಂದು ತಿಂಗಳ ಬಡ್ಡಿ 2,800. ಕಾರ್ಡಿನ ಬಡ್ಡಿ 720. ಎರಡೂ ಸೇರಿ 3,520. ಅಂದರೆ ಬಡ್ಡಿಯಷ್ಟನ್ನು ಕಟ್ಟುವ ಶಕ್ತಿ ನಿಮಗೆ ಇವತ್ತಿಗೂ ಇದೆ, ಅಸಲು ಬೆಳೆಯುವುದಿಲ್ಲ. ಬ್ಯಾಂಕಿನವರಿಗೆ ಇದು ಬಹಳ ದೊಡ್ಡ ಮಾತು. ಆರು ತಿಂಗಳು ಬಡ್ಡಿ ಮಾತ್ರ ಕಟ್ಟುತ್ತೇವೆ, ಅವಧಿ ಮುಂದಕ್ಕೆ ಹಾಕಿ, ಆರು ತಿಂಗಳ ನಂತರ ಮತ್ತೆ ಪಗಾರ ಚೀಟಿ ತೋರಿಸುತ್ತೇವೆ ಅಂತ ಕೇಳಿ. ಸಂಘದಲ್ಲಿ 500 ಕೊಡುತ್ತೇನೆ ಅಂತ ಸಭೆಯಲ್ಲೇ ಹೇಳಿ. ಉಳಿಯುವ 780 ಯಾರಿಗೂ ಕೊಡಬೇಡಿ, ಮಗುವಿಗೆ ಜ್ವರ ಬಂದರೆ ಬೇಕು.

ಅರ್ಜಿ ಉದ್ದ ಬೇಡ. ಹೀಗೆ ಬರೆಯಿರಿ:

"ಮಾನ್ಯರೇ, ನನ್ನ ಸಾಲದ ಖಾತೆಯ ಕಂತನ್ನು ಈವರೆಗೆ ತಪ್ಪದೆ ಕಟ್ಟಿದ್ದೇನೆ. ಕಾರ್ಖಾನೆಯಲ್ಲಿ ಓವರ್‌ಟೈಮ್ ನಿಂತು ನನ್ನ ಪಗಾರ 29,000ದಿಂದ 20,000ಕ್ಕೆ ಇಳಿದಿದೆ. ತಾಯಿಯವರ ಸೊಂಟದ ಆಪರೇಷನ್ ಆಗಿ ನನ್ನ ಜೊತೆ ಇದ್ದಾರೆ. ಮುಂದಿನ ಆರು ತಿಂಗಳು ತಿಂಗಳಿಗೆ 2,800 ಕಟ್ಟಲು ನನಗೆ ಸಾಧ್ಯವಿದೆ. ಅದರಂತೆ ಕಂತು ಬದಲಿಸಿ ಲಿಖಿತ ಒಪ್ಪಿಗೆ ಕೊಡಬೇಕೆಂದು ಕೋರುತ್ತೇನೆ."

ಜೊತೆಗೆ ಹಳೆಯ ಮತ್ತು ಹೊಸ ಪಗಾರ ಚೀಟಿ, ಓಟಿ ನಿಂತಿದೆ ಅಂತ ಕಾರ್ಖಾನೆಯ ಪತ್ರ, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಮನೆ ಲೆಕ್ಕದ ಹಾಳೆ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ. ಸೀಲು ಇಲ್ಲದೆ ಕೌಂಟರ್ ಬಿಡಬೇಡಿ.

ಬಹಳ ಜನ ಸಿಕ್ಕಿಬೀಳುವುದು ಇಲ್ಲಿ: ಬ್ಯಾಂಕು ಒಪ್ಪಿದರೂ ನ್ಯಾಚ್ ಹಳೆಯ 7,600ಕ್ಕೇ ಇರುತ್ತದೆ. 10ನೇ ತಾರೀಖು ಅದೇ ಮೊತ್ತ ಕೇಳುತ್ತದೆ, ಖಾತೆಯಲ್ಲಿ ಇರುವುದಿಲ್ಲ, ಬೌನ್ಸ್. ಹೊಸ ಮೊತ್ತಕ್ಕೆ ಮ್ಯಾಂಡೇಟ್ (ನ್ಯಾಚ್‌ಗೆ ನೀವು ಕೊಟ್ಟ ಒಪ್ಪಿಗೆ) ಬದಲಾಯಿತಾ ಅಂತ ಕೇಳಿಯೇ ಬನ್ನಿ. ಪಗಾರ ಬರುವ ಖಾತೆಯೂ ಸಾಲ ಕೊಟ್ಟ ಬ್ಯಾಂಕಿನಲ್ಲೇ ಇದ್ದರೆ, ಬಾಕಿಗೆ ಆ ಹಣ ಹಿಡಿದುಕೊಳ್ಳುವ ಹಕ್ಕು ಬ್ಯಾಂಕಿಗೆ ಇರುತ್ತದೆ, ಅದೂ ಗೊತ್ತಿರಲಿ.

ನಷ್ಟವನ್ನೂ ಹೇಳಿಬಿಡುತ್ತೇನೆ. ಅವಧಿ ಮುಂದಕ್ಕೆ ಹೋದರೆ ಒಟ್ಟು ಬಡ್ಡಿ ಜಾಸ್ತಿ. ಸಿಬಿಲ್‌ನಲ್ಲಿ ರೀಸ್ಟ್ರಕ್ಚರ್ (ಕಂತು ಬದಲಿಸಿದ ಸಾಲ) ಅಂತ ಬರಬಹುದು, ಸ್ವಲ್ಪ ಕಾಲ ಹೊಸ ಸಾಲ ಸಿಗುವುದು ಕಷ್ಟ. ನಿಮಗೆ ಈಗ ಹೊಸ ಸಾಲ ಬೇಕಾಗಿಲ್ಲ, ಹಾಗಾಗಿ ನಾನು ಅದಕ್ಕೆ ಹೆದರುವುದಿಲ್ಲ. ಆದರೆ "ಇಷ್ಟು ಕೊಟ್ಟು ಸೆಟಲ್ ಮಾಡಿ" ಅಂತ ಯಾರಾದರೂ ಫೋನ್ ಮಾಡಿದರೆ ಆತುರಪಡಬೇಡಿ. ಸೆಟಲ್ಡ್ ಅಂದರೆ ಪೂರ್ತಿ ತೀರಿಸಿಲ್ಲ ಅಂತ ದಾಖಲೆ. ತಪ್ಪದೆ ಕಟ್ಟುತ್ತಾ ಬಂದವರು ಅದಕ್ಕೆ ಹೋಗಬೇಕಾಗಿಲ್ಲ.

ಫಿಟ್ಟರ್ ಅವರಿಗೂ ಒಂದು ಮಾತು. ಬಂಗಾರ ಇಡುವುದು ಯಾವಾಗಲೂ ತಪ್ಪಲ್ಲ. ಇಂಥ ತಾರೀಖಿಗೆ ಇಷ್ಟು ಹಣ ಖಂಡಿತ ಬರುತ್ತದೆ ಅಂತ ಇದ್ದರೆ ಸರಿ. ಓಟಿಗೆ ತಾರೀಖು ಇಲ್ಲ.

ಮುಧೋಳ ಕಬ್ಬು

ನಾವು ಒಕ್ಕಲುತನ ಮಾಡುವವರು, ನಮಗೆ ಪ್ರತಿ ತಿಂಗಳ ಕಂತು ಅನ್ನುವುದೇ ಹೊಂದುವುದಿಲ್ಲ. ಕಬ್ಬು ಕಾರ್ಖಾನೆಗೆ ಹೋದ 14 ದಿನದಲ್ಲಿ ಬಿಲ್ಲು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಕೈಗೆ ಬರುವಾಗ ಎಷ್ಟು ತಡವಾಗುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ನಾನು ಟ್ರ್ಯಾಕ್ಟರ್ ಸಾಲಕ್ಕೆ ತಿಂಗಳ ಕಂತು ಬೇಡ, ಆರು ತಿಂಗಳ ಕಂತು ಮಾಡಿ ಅಂತ ಕೇಳಿ ಮಾಡಿಸಿಕೊಂಡೆ.

ಅಕ್ಕಾರೆ, ನಿಮ್ಮ ಹೊಲಿಗೆಗೂ ಸೀಜನ್ ಇದೆ ಅಲ್ವಾ? ಲಗ್ನದ ತಿಂಗಳಲ್ಲಿ ಜಾಸ್ತಿ, ಆಷಾಢದಲ್ಲಿ ಕಡಿಮೆ. ಮನೆ ಲೆಕ್ಕದ ಹಾಳೆಯಲ್ಲಿ ಕಡಿಮೆ ತಿಂಗಳಿನದ್ದೇ ಹಾಕಿ. ಲಗ್ನದ ತಿಂಗಳಿನ ಮೊತ್ತ ತೋರಿಸಿ ಕಂತು ಒಪ್ಪಿಕೊಂಡರೆ ಆಷಾಢದಲ್ಲಿ ಮತ್ತೆ ಬ್ಯಾಂಕಿನ ಬಾಗಿಲಿಗೆ ನಿಲ್ಲಬೇಕಾಗುತ್ತದೆ.

ವಿಜಯಪುರ ಕಾನೂನು ಸ್ವಯಂಸೇವಕಿ

ಅಕ್ಕಾ, ಬ್ಯಾಂಕಿನವರು ಒಪ್ಪಬಹುದು, ಕಾರ್ಡಿನವರು ಫೋನ್ ಮಾಡಿ ಕಾಡಬಹುದು. ಅದಕ್ಕೆ ಇಷ್ಟು ತಿಳಿದಿರಲಿ. ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನ್ ಮಾಡುವ ಹಾಗಿಲ್ಲ, ರಿಸರ್ವ್ ಬ್ಯಾಂಕಿನ ನಿಯಮ ಇದೆ. ನೆಂಟರಿಗೆ, ಪಕ್ಕದ ಮನೆಯವರಿಗೆ ಫೋನ್ ಮಾಡಿ ಮಾನ ಕಳೆಯುವ ಹಾಗೂ ಇಲ್ಲ. ಬಂದ ಪ್ರತಿ ಫೋನಿನ ತಾರೀಖು, ಸಮಯ, ನಂಬರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬ್ಯಾಂಕಿನ ಸಾಲದ ಕಂತು ತಡವಾದದ್ದಕ್ಕೆ ದಂಡ ಹಾಕಿದರೆ, ಆ ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ, ಅದು 2024ರಿಂದ ಜಾರಿಯಲ್ಲಿದೆ. ಸ್ಟೇಟ್‌ಮೆಂಟ್ ಬಂದಾಗ ನೋಡಿ.

ಮೊದಲು ಅವರ ಕುಂದುಕೊರತೆ ವಿಭಾಗಕ್ಕೇ ಬರೆಯಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಕೇಳುವ ಅಧಿಕಾರಿ) ದೂರು. ಖರ್ಚಿಲ್ಲ. 14448ಕ್ಕೆ ಫೋನ್ ಮಾಡಿದರೆ ಹೇಗೆ ಅಂತ ಹೇಳುತ್ತಾರೆ.

ಇನ್ನೊಂದು, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಪ್ರತಿ ಜಿಲ್ಲೆಯಲ್ಲೂ ಕಾನೂನು ಸೇವಾ ಪ್ರಾಧಿಕಾರ ಇದೆ, ಸಹಾಯವಾಣಿ 15100. ಲೋಕ ಅದಾಲತ್‌ನಿಂದ ನೋಟಿಸ್ ಬಂದರೆ ಹೆದರಬೇಡಿ, ಹೋಗಿ. ಅಲ್ಲಿ ಕಂತು ಮಾತಾಡಿ ಒಪ್ಪಂದ ಮಾಡಿಕೊಳ್ಳಬಹುದು. ಆದರೆ ಅಲ್ಲಿ ಸಹಿ ಹಾಕಿದ್ದರ ಮೇಲೆ ಅಪೀಲು ಇಲ್ಲ, ಕಟ್ಟಲು ಆಗುವ ಮೊತ್ತಕ್ಕೆ ಮಾತ್ರ ಸಹಿ ಹಾಕಿ.

ಲೈಸನ್ಸ್ ಇಲ್ಲದ ಬಡ್ಡಿ ವ್ಯವಹಾರದವರ ಹತ್ತಿರ, ಫೋನಿನ ಆ್ಯಪ್ ಸಾಲಕ್ಕೆ ಮಾತ್ರ ಹೋಗಬೇಡಿ, ಎಷ್ಟೇ ಕಷ್ಟ ಇದ್ದರೂ. ಬಲವಂತದ ವಸೂಲಿ ತಡೆಯಲು 2025ರಲ್ಲಿ ನಮ್ಮ ರಾಜ್ಯದಲ್ಲೇ ಕಾನೂನು ಬಂದಿದೆ, 10 ವರ್ಷದವರೆಗೆ ಜೈಲು ಶಿಕ್ಷೆ ಇದೆ. ಆದರೂ ಕಾಟ ಆದ ಮೇಲೆ ಪೊಲೀಸ್ ಸ್ಟೇಷನ್‌ಗೆ ಓಡುವುದಕ್ಕಿಂತ ಅಲ್ಲಿಗೆ ಹೋಗದಿರುವುದೇ ಒಳ್ಳೆಯದು.

ಶಹಾಪುರ ಹೊಲಿಗೆ (ಬೆಳಗಾವಿ)

ಎಲ್ಲರಿಗೂ ಉತ್ತರ ಹೇಳಬೇಕು ಅಂತ ಬಂದೆ.

ನಿವೃತ್ತ ಸರ್ ಹೇಳಿದ ಹಾಗೆ ಹಾಳೆ ಬರೆದು, ಸಲಹೆಗಾರರಿಗೆ ಫೋನ್ ಮಾಡಿ, 10ರ ಮೊದಲೇ ಇಬ್ಬರೂ ಬ್ಯಾಂಕಿಗೆ ಹೋದೆವು. ಮನೆಯವರು ಹೊರಗೇ ನಿಂತಿರುತ್ತೇನೆ ಅಂದರು, ನಾನು ಬಿಡಲಿಲ್ಲ. ಮ್ಯಾನೇಜರ್ ಮೇಡಂ ಪಗಾರ ಚೀಟಿ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಖಾತೆ ತೆಗೆದು ನೋಡಿ, "ಒಂದೂ ಬೌನ್ಸ್ ಇಲ್ಲ ಅಲ್ಲ" ಅಂದರು. ಮೇಲಿನ ಆಫೀಸಿಗೆ ಕಳಿಸಿದರು. ಆರು ತಿಂಗಳು ಕೊಡಲಿಲ್ಲ, ನಾಲ್ಕು ತಿಂಗಳು ಬಡ್ಡಿ ಮಾತ್ರ ಅಂತ ಒಪ್ಪಿಗೆ ಪತ್ರ ಬಂತು. ನ್ಯಾಚ್ ಕೇಳಿದೆ. ಬದಲಾಗಿರಲಿಲ್ಲ! ಅಲ್ಲೇ ಹೊಸ ಫಾರ್ಮ್ ತುಂಬಿಸಿಕೊಂಡರು.

ಇಎಸ್‌ಐಯಲ್ಲಿ ಅತ್ತೆಯವರ ಹೆಸರು ಸೇರಿತು. ಎಲುಬಿನ ಡಾಕ್ಟರು ನೋಡಿ ಔಷಧಿ ಅಲ್ಲಿಂದಲೇ ಕೊಟ್ಟರು. ಒಂದು ಮಾತ್ರೆ ಹೊರಗೆ ತರಬೇಕು, ಅಷ್ಟೇ.

ಸಂಘದಲ್ಲಿ ಹೇಳುವಾಗ ಗಂಟಲು ಕಟ್ಟಿತು. ನಮ್ಮ ಅಧ್ಯಕ್ಷರು, "ನಿನ್ನ ಮಾವನವರ ಕಾಯಿಲೆಯಲ್ಲಿ ನಾವೆಲ್ಲಾ ನೋಡಿಲ್ಲೇನು" ಅಂದು 500ಕ್ಕೆ ಬರೆದುಕೊಂಡರು.

ಕಾರ್ಡಿನವರು ಮಾತ್ರ ಒಪ್ಪಿಲ್ಲ. ಕನಿಷ್ಠ 2,000 ಕಟ್ಟಿ ಅನ್ನುತ್ತಾರೆ. ಅವರ ಕುಂದುಕೊರತೆ ವಿಭಾಗಕ್ಕೆ ಇಮೇಲ್ ಕಳಿಸಿ, 720 ಕಟ್ಟಿ ರಸೀದಿ ಇಟ್ಟಿದ್ದೇನೆ. ನೋಟ್‌ಬುಕ್ ಶುರು ಮಾಡಿದ್ದೇನೆ. 30 ದಿನ ಕಾಯುತ್ತೇನೆ.

ಒಂದು ಕೊನೆಯ ಪ್ರಶ್ನೆ ಸರ್. ದೀಪಾವಳಿಗೆ ಮನೆಯವರಿಗೆ ಬೋನಸ್ ಬರುತ್ತದೆ, ಲಗ್ನದ ಬ್ಲೌಸುಗಳೂ ಬರುತ್ತವೆ. ಸ್ವಲ್ಪ ಹಣ ಬಂದರೆ ಎಲ್ಲಿ ಹಾಕಲಿ?

ನವನಗರ ನಿವೃತ್ತ (ಬಾಗಲಕೋಟೆ)

ಬಹಳ ಸಂತೋಷ ತಂಗಿ. ನಾಲ್ಕು ತಿಂಗಳು ಮುಗಿಯುವ ಮೊದಲೇ, ಮೂರನೇ ತಿಂಗಳಲ್ಲೇ ಮತ್ತೆ ಪಗಾರ ಚೀಟಿ ಹಿಡಿದು ಹೋಗಿ. ಓಟಿ ಬಂದಿದ್ದರೂ ಹೋಗಿ, ಬರದಿದ್ದರೂ ಹೋಗಿ.

ಬೋನಸ್ ಬಂದರೆ ಮೊದಲು ಒಂದು ತಿಂಗಳ ಬಾಡಿಗೆ, ಕಿರಾಣಿಯಷ್ಟು ಬೇರೆ ಖಾತೆಯಲ್ಲಿ ಇಡಿ. ಉಳಿದದ್ದು ಕಾರ್ಡಿಗೆ, ನಿಮ್ಮ ಸಾಲಗಳಲ್ಲಿ ಬಡ್ಡಿ ಅದಕ್ಕೇ ಜಾಸ್ತಿ. ಅವರು ರಿಯಾಯಿತಿ ರದ್ದು ಮಾಡಿ ಹಳೆಯ ಕಾರ್ಡ್ ಬಡ್ಡಿಗೆ ಹೋದರೆ ತಿಂಗಳಿಗೇ ಶೇ 3ರ ಮೇಲೆ ಬೀಳಬಹುದು, ಅದಕ್ಕೂ ಈ ಸಾಲವನ್ನೇ ಮೊದಲು ಕರಗಿಸಬೇಕು. ಹೆಚ್ಚುವರಿ ಕಟ್ಟುವಾಗ ಚಾರ್ಜ್ ಇದೆಯಾ ಕೇಳಿ. ಆ ಹಣ ಅಸಲಿಗೆ ಜಮಾ ಆಗಬೇಕು ಅಂತ ಬರೆದು ಕೊಡಿ, ಮುಂದಿನ ಸ್ಟೇಟ್‌ಮೆಂಟಿನಲ್ಲಿ ಅಸಲು ಇಳಿದಿದೆಯಾ ನೋಡಿ. ವರ್ಷಕ್ಕೊಂದು ಸಲ ಸಿಬಿಲ್ ವರದಿ ಉಚಿತವಾಗಿ ಸಿಗುತ್ತದೆ. ಸಂಕ್ರಾಂತಿ ಹೊತ್ತಿಗೆ ತೆಗೆದು ನೋಡಿ, ತಪ್ಪು ನಮೂದು ಇದ್ದರೆ ಇಲ್ಲೇ ಹಾಕಿ, ತಿದ್ದಿಸುವ ಅರ್ಜಿ ಬರೆದುಕೊಡುತ್ತೇನೆ.